ಏರಿನಲ್ಲಿ ಬಲ ಕುಂದುವ ಡೀಸೆಲ್ ಎಂಜಿನ್: ದೋಷ ಹುಡುಕುವ ಕ್ರಮ

ಕೊಯ್ದ ಕಾಫಿ ಹಣ್ಣು ಅದೇ ದಿನ ಪಲ್ಪರಿಗೆ ಸೇರಬೇಕು. ಹಸಿ ಅಡಿಕೆಯೂ ರಾಶಿಯಲ್ಲಿ ಬಹುದಿನ ಕಾಯುವ ವಸ್ತುವಲ್ಲ. ಇಂತಹ ಕಾಲದಲ್ಲಿಯೇ ಪಿಕಪ್ ವಾಹನವು ಏರಿನಲ್ಲಿ ಉಸಿರು ಕಟ್ಟಿ ನಿಂತರೆ ಬೆಳೆಗಾರನಿಗೆ ತಟ್ಟುವುದು ರಿಪೇರಿಯ ಖರ್ಚೊಂದೇ ಅಲ್ಲ. ಅದರ ಮೇಲೆ, ದೋಷ ಎಲ್ಲಿದೆಯೆಂದು ತಿಳಿಯದೆ ಇಂಜೆಕ್ಟರು, ಪಂಪು, ಟರ್ಬೊ ಎಂದು ಒಂದೊಂದನ್ನೇ ಬದಲಾಯಿಸುತ್ತ ಹೋದರೆ ಸಣ್ಣ ಹಿಡುವಳಿದಾರನ ಆ ವರ್ಷದ ಉಳಿತಾಯವೇ ಕರಗಿಹೋದೀತು. ಆದುದರಿಂದ ಅಗ್ಗದ ಪರೀಕ್ಷೆಯಿಂದ ಆರಂಭಿಸಿ ಕ್ರಮವಾಗಿ ದೋಷ ಹುಡುಕುವ ಬಗೆಯನ್ನು ಬೆಳೆಗಾರ ಬಾಂಧವರು ತಿಳಿದಿರುವುದು ಅವಶ್ಯ.

ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ

ಹಳೆಯ ಜೀಪಿನಲ್ಲಿ ಆಕ್ಸಿಲರೇಟರ್ ತುಳಿದರೆ ತಂತಿ ಅಥವಾ ಸರಳು ನೇರವಾಗಿ ಪಂಪನ್ನು ಎಳೆಯುತ್ತಿತ್ತು. ಕಾಮನ್ ರೈಲ್ ಎಂಜಿನ್ನಿನಲ್ಲಿ ಹಾಗಲ್ಲ. ಪೆಡಲಿನಲ್ಲಿರುವ ಸೆನ್ಸರು ಚಾಲಕನ ಬೇಡಿಕೆಯನ್ನು ಗಣಕ ಪೆಟ್ಟಿಗೆಗೆ, ಎಂದರೆ ಇ.ಸಿ.ಯು.ಗೆ ತಿಳಿಸುತ್ತದೆ. ಗಾಳಿಯ ಒತ್ತಡ, ನೀರಿನ ಬಿಸಿ, ರೈಲಿನಲ್ಲಿರುವ ಡೀಸೆಲ್ ಒತ್ತಡ ಮೊದಲಾದವನ್ನು ನೋಡಿ ಎಷ್ಟು ಎಣ್ಣೆ ಕೊಡಬೇಕೆಂದು ಆ ಪೆಟ್ಟಿಗೆಯೇ ನಿರ್ಧರಿಸುತ್ತದೆ.

ಆದ್ದರಿಂದ ಬಲ ಕುಂದಿದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಎಂಜಿನ್ನಿಗೆ ಕೊಡಲು ಬಲವೇ ಇಲ್ಲವೆ? ಅಥವಾ ಇರುವ ಬಲವನ್ನು ಪೆಟ್ಟಿಗೆ ಬೇಕೆಂದೇ ತಡೆಹಿಡಿದಿದೆಯೆ? ಹಾನಿಯ ಸೂಚನೆ ಕಂಡರೆ ಎಂಜಿನ್ನನ್ನು ಉಳಿಸಲು ಪೆಟ್ಟಿಗೆಯು ಬಲವನ್ನು ಮಿತಗೊಳಿಸುತ್ತದೆ. ಇದನ್ನೇ 'ಲಿಂಪ್ ಮೋಡ್', ಎಂದರೆ ಕುಂಟು ನಡಿಗೆ, ಎನ್ನುವರು. ಎಂಜಿನ್ ನಿಲ್ಲಿಸಿ ಮತ್ತೆ ಚಾಲೂ ಮಾಡಿದಾಗ ವಾಹನ ಮೊದಲಿನಂತೆ ಎಳೆದು, ಮುಂದಿನ ಏರಿನಲ್ಲಿ ಮತ್ತೆ ಸೋತರೆ, ಬಹುಮಟ್ಟಿಗೆ ಇದು ಕುಂಟು ನಡಿಗೆಯೇ. ತಾತ್ಕಾಲಿಕವಾಗಿ ಸರಿಹೋಯಿತೆಂದು ಮೂಲ ಕಾರಣ ಹೋಯಿತೆಂದು ಭಾವಿಸಬಾರದು.

1. ಮೊದಲು ಎಂಜಿನ್ನಿನ ಹೊರಗೆ ನೋಡಿ

ಬ್ರೇಕು ಹಿಡಿದುಕೊಂಡಿದೆಯೆ? ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಚಕ್ರದ ಬಳಿ ಕೈ ತಂದು ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಮಿಕ್ಕವಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ದೋಷ ಅಲ್ಲಿದೆ. ಎಂಜಿನ್ನಿನ ಸುತ್ತು ಏರುತ್ತಿದ್ದರೂ ವೇಗ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ಟೈರಿನ ಗಾಳಿಯನ್ನೂ ಹೊರೆಯ ತೂಕವನ್ನೂ ಪರೀಕ್ಷಿಸಿ.

2. ಕೋಡನ್ನು ಓದಿಸಿ, ಬರೆದಿಟ್ಟುಕೊಳ್ಳಿ

ಚಾಲಕನ ಬದಿಯ ಡ್ಯಾಶ್‌ಬೋರ್ಡಿನ ಕೆಳಗೆ 16 ಪಿನ್ನುಗಳ ಸಾಕೆಟ್ ಇರುತ್ತದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ಪೆಟ್ಟಿಗೆ ದಾಖಲಿಸಿಕೊಂಡ ದೋಷದ ಕೋಡ್ ದೊರೆಯುತ್ತದೆ. ಕೋಡನ್ನು ಬರೆದುಕೊಳ್ಳುವ ಮೊದಲು ಅಳಿಸಲು ಬಿಡಬಾರದು. ಬ್ಯಾಟರಿ ತಂತಿಯನ್ನೂ ಕಳಚಬಾರದು. ನಮಗೆ ಮುಖ್ಯವಾದ ಕೆಲವು ಇವು:

ಪಿ 0087 – ರೈಲಿನಲ್ಲಿ ಡೀಸೆಲ್ ಒತ್ತಡ ಕಡಿಮೆ.
ಪಿ 0299 – ಟರ್ಬೊ ಒತ್ತಡ ಕಡಿಮೆ.
ಪಿ 2138 – ಪೆಡಲಿನ ಎರಡು ಸೂಚನೆಗಳು ಒಂದಕ್ಕೊಂದು ಹೊಂದುತ್ತಿಲ್ಲ.
ಪಿ 2463 – ಹೊಗೆಯ ಫಿಲ್ಟರಿನಲ್ಲಿ ಮಸಿ ಹೆಚ್ಚಾಗಿದೆ.

ಕೋಡು ಯಾವ ದಿಕ್ಕಿನಲ್ಲಿ ಹುಡುಕಬೇಕೆಂದು ತೋರಿಸುತ್ತದೆಯೇ ಹೊರತು ಯಾವ ಭಾಗ ಕೊಳ್ಳಬೇಕೆಂದು ಹೇಳುವುದಿಲ್ಲ. 'ರೈಲಿನ ಒತ್ತಡ ಕಡಿಮೆ' ಎಂದರೆ ಪಂಪು ಕೆಟ್ಟಿದೆಯೆಂದೇ ಅರ್ಥವಲ್ಲ.

3. ಡೀಸೆಲಿನ ದಾರಿ

ಐಡ್ಲಿಂಗಿನಲ್ಲಿ ರೈಲಿನ ಒತ್ತಡ ಸಾಮಾನ್ಯವಾಗಿ 250ರಿಂದ 350 ಬಾರ್. ಪೂರ್ಣ ಹೊರೆಯಲ್ಲಿ ಅದು ಅನೇಕ ಎಂಜಿನ್ನುಗಳಲ್ಲಿ 1,600 ಬಾರ್ ಅಥವಾ ಅದಕ್ಕೂ ಮೇಲಕ್ಕೆ ಹೋಗುತ್ತದೆ. ಪೆಟ್ಟಿಗೆ ಬಯಸಿದ ಒತ್ತಡ, ನಿಜವಾಗಿ ಇರುವ ಒತ್ತಡ ಎರಡನ್ನೂ ಸ್ಕ್ಯಾನರ್ ತೋರಿಸುತ್ತದೆ. ನಿಂತಲ್ಲಿ ಎರಡೂ ಸಮನಾಗಿದ್ದು, ಹೊರೆ ಹೊತ್ತು ಏರುವಾಗ ಮಾತ್ರ ನಿಜವಾದ ಒತ್ತಡ ಹಿಂದೆ ಬಿದ್ದರೆ, ಬೇಕಾದಷ್ಟು ಡೀಸೆಲ್ ಪಂಪಿಗೆ ತಲುಪುತ್ತಿಲ್ಲ ಎಂಬ ಸಂಶಯ ಬಲವಾಗುತ್ತದೆ. ಆದ್ದರಿಂದ ವಾಹನವನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ ನೋಡಿದರೆ ಸಾಲದು. ಒಬ್ಬರು ಓಡಿಸಬೇಕು, ಪಕ್ಕದಲ್ಲಿ ಕುಳಿತವರು ಅಂಕಿಗಳನ್ನು ಓದಬೇಕು.

ಹುಡುಕುವ ಕ್ರಮ ಹೀಗಿರಲಿ. ಮೊದಲು ಡೀಸೆಲ್ ಫಿಲ್ಟರಿನ ತಳದ ನೀರನ್ನು ಬಸಿಯಿರಿ. ಫಿಲ್ಟರಿನ ಅವಧಿ ಮುಗಿದಿದ್ದರೆ ಬದಲಾಯಿಸಿ. ಟ್ಯಾಂಕಿನಿಂದ ಬರುವ ಕೊಳವೆ ಮಡಚಿದೆಯೆ, ಜೋಡಣೆಯಲ್ಲಿ ಗಾಳಿ ಎಳೆಯುತ್ತಿದೆಯೆ ನೋಡಿ. ಮಳೆಗಾಲದಲ್ಲಿ ತೋಟದ ಶೆಡ್ಡಿನ ಡ್ರಮ್ಮಿನಿಂದ ಡೀಸೆಲ್ ತುಂಬುವವರು ನೀರಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಇಷ್ಟಾದ ಮೇಲೂ ಒತ್ತಡ ಏರದಿದ್ದರೆ ಇಂಜೆಕ್ಟರುಗಳಿಂದ ಹಿಂದಿರುಗುವ ಎಣ್ಣೆಯನ್ನು ಪ್ರತ್ಯೇಕ ಅಳತೆ ಸೀಸೆಗಳಲ್ಲಿ ಹಿಡಿಸಿ ಹೋಲಿಸಲು ಮೆಕ್ಯಾನಿಕ್ಕಿಗೆ ಹೇಳಿ. ನಾಲ್ಕರಲ್ಲಿ ಒಂದು ಮಾತ್ರ ಬಹಳ ಹೆಚ್ಚು ಹಿಂದಿರುಗಿಸಿದರೆ ದೋಷ ಅದರದ್ದು. ನಾಲ್ಕನ್ನೂ ಬದಲಾಯಿಸುವ ಪ್ರಮೇಯವಿಲ್ಲ. ಪಂಪಿನ ಮಾತು ಇದಾದ ಮೇಲೆ.

4. ಗಾಳಿಯ ದಾರಿ

ಬೇಸಿಗೆಯಲ್ಲಿ ತೋಟದ ಮಣ್ಣುರಸ್ತೆಯ ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ. ಅದರ ನಂತರ ಟರ್ಬೊದಿಂದ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಹೋಗುವ ರಬ್ಬರ್ ಹೋಸುಗಳನ್ನು ನೋಡಬೇಕು. ಕ್ಲಿಪ್ಪಿನ ಅಡಿಯಲ್ಲಿ ಸಣ್ಣ ಸೀಳು ಇದ್ದರೂ ಹೊರೆಯಲ್ಲಿ ಗಾಳಿ ಸೋರಿಹೋಗುತ್ತದೆ. ಸುಯ್ ಎಂಬ ಸದ್ದು, ಜೋಡಣೆಯಲ್ಲಿ ಎಣ್ಣೆಯ ಹೊಸ ಕಲೆ ಇದರ ಗುರುತು.

ಗಾಳಿಯ ಒತ್ತಡದ ಸೆನ್ಸರನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿದಾಗ ಅದು ಹೊರಗಿನ ಗಾಳಿಯ ಒತ್ತಡವನ್ನು ತೋರಿಸಬೇಕು: ಮಂಗಳೂರಿನಂತಹ ಕಡಲ ತೀರದಲ್ಲಿ ಸುಮಾರು 100 ಕಿಲೊಪಾಸ್ಕಲ್, ಮಡಿಕೇರಿಯಷ್ಟು ಎತ್ತರದಲ್ಲಿ ಸುಮಾರು 88. ಮಡಿಕೇರಿಯಲ್ಲಿ ಅದು 60 ಅಥವಾ 120 ಎಂದರೆ ಟರ್ಬೊವನ್ನು ದೂರುವ ಮೊದಲು ಸೆನ್ಸರನ್ನೂ ಅದರ ತಂತಿಯನ್ನೂ ಶಂಕಿಸಬೇಕು.

5. ಹೊಗೆಯ ದಾರಿ

2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಕ್ಕೆ ಒಳಪಟ್ಟ ಡೀಸೆಲ್ ಪಿಕಪ್ಪುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಇಂತಹ ವಾಹನದಲ್ಲಿ ಕಪ್ಪು ಹೊಗೆ ಕಾಣದಿದ್ದ ಮಾತ್ರಕ್ಕೆ ಎಂಜಿನ್ ಸರಿಯಿದೆಯೆಂದು ತಿಳಿಯುವಂತಿಲ್ಲ. ಮಸಿ ಒಳಗೇ ಕೂಡುತ್ತದೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅದು ಸುಟ್ಟುಹೋಗಬೇಕು. ಮನೆಯಿಂದ ತೋಟಕ್ಕೆ, ತೋಟದಿಂದ ಕಣಕ್ಕೆ ನಿಧಾನವಾಗಿ ಓಡಾಡುವ ಗಾಡಿಗೆ ಆ ಅವಕಾಶ ಸಿಗುವುದಿಲ್ಲ. ದೀಪ ಉರಿದ ಕೂಡಲೆ, ವಾಹನದ ಕೈಪಿಡಿಯಲ್ಲಿ ಹೇಳಿರುವಂತೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿಸಬೇಕು. ಆ ಹೊತ್ತಿನಲ್ಲಿ ಒಣ ತರಗೆಲೆ, ಅಡಿಕೆ ಸಿಪ್ಪೆ, ಹುಲ್ಲಿನ ಮೇಲೆ ಗಾಡಿ ನಿಲ್ಲಿಸಿದರೆ ಬೆಂಕಿ ಹತ್ತುವ ಅಪಾಯವಿದೆ.

ಯೂರಿಯಾ ದ್ರಾವಣದ ಟ್ಯಾಂಕ್ ಇರುವ ವಾಹನಗಳಲ್ಲಿ ದ್ರಾವಣ ಮುಗಿದರೂ ಬಲ ತಗ್ಗಬಹುದು. ಅದು ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಶುದ್ಧ ಯೂರಿಯಾ ಕರಗಿಸಿದ ದ್ರಾವಣ. ಗೊಬ್ಬರದ ಚೀಲದ ಯೂರಿಯಾಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ. ಅದನ್ನು ಕರಗಿಸಿ ಹಾಕಿದರೆ ದುಬಾರಿ ಉಪಕರಣವೇ ಹಾಳಾದೀತು.

ಪ್ರಾಣದ ಎಚ್ಚರಿಕೆ

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಇಂಜೆಕ್ಟರ್ ಕೊಳವೆಯ ನಟ್ ಸಡಿಲಿಸುವುದು ಹಳೆಯ ಜೀಪಿನ ಕಾಲದ ರೂಢಿ. ಕಾಮನ್ ರೈಲ್ ಎಂಜಿನ್ನಿನಲ್ಲಿ ಇದನ್ನು ಎಂದಿಗೂ ಮಾಡಕೂಡದು. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ಸೀಳಿ ಒಳಹೊಕ್ಕುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಬೆರಳು, ಕೈ ಕಳೆದುಕೊಳ್ಳುವ ಸಂಭವವುಂಟು. ತಡಮಾಡದೆ ಆಸ್ಪತ್ರೆಗೆ ಹೋಗಿ ಕಾರಣ ತಿಳಿಸಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು.

ಗ್ಯಾರೇಜಿಗೆ ಹೋಗುವಾಗ 'ಪಿಕಪ್ ಇಲ್ಲ' ಎಂದಷ್ಟೇ ಹೇಳದೆ ಈ ಐದು ವಿಷಯಗಳನ್ನು ಚೀಟಿಯಲ್ಲಿ ಬರೆದು ಒಯ್ಯಿರಿ: ಬಲ ಕುಂದುವುದು ಖಾಲಿ ಗಾಡಿಯಲ್ಲೋ ಹೊರೆಯಲ್ಲೋ, ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಯಾವ ದೀಪ ಉರಿಯಿತು, ಯಾವ ಕೋಡು ಬಂದಿತು, ಫಿಲ್ಟರುಗಳನ್ನು ಹಿಂದೆ ಬದಲಾಯಿಸಿದ್ದು ಎಷ್ಟು ಕಿಲೊಮೀಟರಿನಲ್ಲಿ. ಬೆಲೆಬಾಳುವ ಭಾಗ ಬದಲಾಯಿಸಬೇಕೆಂದು ಯಾರಾದರೂ ಹೇಳಿದರೆ, ಯಾವ ಅಳತೆಯಿಂದ ಆ ತೀರ್ಮಾನಕ್ಕೆ ಬಂದಿರಿ ಎಂದು ಕೇಳಿರಿ. ಅಳತೆ ತೋರಿಸಿದ ಮೇಲೆ ಹಣ ಬಿಚ್ಚಿದರಾಯಿತು.