ಮೂವರು ಸೇರಿ ಒಂದು ಕ್ಯಾಮೆರಾ

ಟ್ರಾನ್ಸ್‌ಫಾರ್ಮರ್ಸ್ ಅಂದ್ರೆ ಎಲ್ಲರೂ ಲಾರಿಯಾಗುವ ಆಪ್ಟಿಮಸ್ ಪ್ರೈಮ್ ಹೆಸರನ್ನೇ ಹೇಳುತ್ತಾರೆ. ರಿಫ್ಲೆಕ್ಟರ್ ಯಾರು ಅಂತ ಕೇಳಿ, ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮ ಮಾಮ ಹಳೇ ಆಟಿಕೆಗಳ ಪುಸ್ತಕ ತೋರಿಸಿದಾಗ ತಿಳಿಯಿತು.

ರಿಫ್ಲೆಕ್ಟರ್ ಒಬ್ಬನಲ್ಲ, ಮೂವರು. ವ್ಯೂಫೈಂಡರ್, ಸ್ಪೆಕ್ಟ್ರೋ, ಸ್ಪೈಗ್ಲಾಸ್. ಮೂರೂ ಪುಟ್ಟ ರೋಬೋಟ್ ಬೊಂಬೆಗಳು. ಕೈಕಾಲು ಮಡಚಿ ಜೋಡಿಸಿದರೆ ಒಂದು ಕ್ಯಾಮೆರಾ ಆಗುತ್ತದೆ. ವ್ಯೂಫೈಂಡರ್ ಮಧ್ಯದಲ್ಲಿ, ಉಳಿದಿಬ್ಬರು ಆಚೆ ಈಚೆ. ಒಬ್ಬ ಕಳೆದುಹೋದರೆ ಕ್ಯಾಮೆರಾನೇ ಇಲ್ಲ! ಫೋಟೋ ಮಾತ್ರ ಬರುವುದಿಲ್ಲ, ಅದು ಆಟದ ಕ್ಯಾಮೆರಾ.

ಇದು ಹುಟ್ಟಿದ್ದು ಜಪಾನ್ ದೇಶದಲ್ಲಿ. ತಕಾರಾ ಎಂಬ ಕಂಪನಿಯು 1983ರಲ್ಲಿ ಮೈಕ್ರೋ ಚೇಂಜ್ ಎಂಬ ಬೊಂಬೆಗಳನ್ನು ತಂದಿತು. ಕ್ಯಾಸೆಟ್ ಪ್ಲೇಯರ್, ಪಿಸ್ತೂಲು, ಕ್ಯಾಮೆರಾ ಇತ್ಯಾದಿ. ವಸ್ತು ನಿಜವಾದ ಅಳತೆಯದ್ದೇ, ಅದು ಬಿಚ್ಚಿಕೊಂಡರೆ ಬರುವ ರೋಬೋಟ್ ಚಿಕ್ಕವನು ಅಂತ ಕಲ್ಪನೆ. ಅದೇ ಕಂಪನಿಯ ಡಯಾಕ್ಲೋನ್ ಬೊಂಬೆಗಳು ಬೇರೆ. ಅವು ಕಾರು, ಲಾರಿ. ಒಳಗೆ ಪುಟಾಣಿ ಮನುಷ್ಯ ಕೂರುತ್ತಾನೆ. ಅಂದರೆ ಆ ರೋಬೋಟ್ ದೈತ್ಯ.

1984ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಈ ಎರಡೂ ಜಾತಿಯ ಬೊಂಬೆ ತಂದು ಟ್ರಾನ್ಸ್‌ಫಾರ್ಮರ್ಸ್ ಅಂತ ಒಂದೇ ಹೆಸರಿಟ್ಟಿತು. ಎಲ್ಲರೂ ಸೈಬರ್‌ಟ್ರಾನ್ ಗ್ರಹದವರು ಅಂತ ಕಥೆ ಮಾಡಿದರು. ಎಡವಟ್ಟಾಗಿದ್ದು ಇಲ್ಲೇ. ರಿಫ್ಲೆಕ್ಟರ್ ಕೂಡ ದೈತ್ಯನಾದ. ಕಾರ್ಟೂನಿನಲ್ಲಿ ಮೂವರು ದೈತ್ಯರು ಸೇರಿ ಕೈಯಲ್ಲಿ ಹಿಡಿಯುವಷ್ಟು ಕ್ಯಾಮೆರಾ ಆಗ್ತಾರೆ! ಉಳಿದ ತೂಕ ಎಲ್ಲಿ ಹೋಯ್ತು? ದ್ರವ್ಯರಾಶಿ ನಾಶವಾಗುವುದಿಲ್ಲ ಅಂತ ವಿಜ್ಞಾನದಲ್ಲಿ ಓದಿದ್ದೇವೆ. ತರಗತಿಯಲ್ಲಿ ಇದನ್ನು ಕೇಳಿದ್ದಕ್ಕೆ ಹಿಂದಿನ ಬೆಂಚಿನವರು ನಕ್ಕರು. ನಗಲಿ. ಮೆಗಾಟ್ರಾನ್ ಪಿಸ್ತೂಲು ಆಗುವಾಗಲೂ ಇದೇ ತೊಂದರೆ. ಎರಡು ಅಳತೆಯ ಬೊಂಬೆಗಳನ್ನು ಒಂದೇ ಕಥೆಗೆ ಸೇರಿಸಿದ್ದೇ ಇದಕ್ಕೆ ಕಾರಣ.

ನನಗೆ ಬೇಜಾರಾದ ವಿಷಯ ಇನ್ನೊಂದಿದೆ. 1984ರಲ್ಲೇ ಟಿವಿಯಲ್ಲಿ ಬಂದರೂ ಅಮೆರಿಕದ ಅಂಗಡಿಗಳಲ್ಲಿ ಇವನು ಸಿಗುತ್ತಿರಲಿಲ್ಲ. 1986ರಲ್ಲಿ ಅಂಚೆ ಮೂಲಕ ಕೊಟ್ಟರು. ಬೇರೆ ಟ್ರಾನ್ಸ್‌ಫಾರ್ಮರ್ ಡಬ್ಬಗಳ ಮೇಲಿದ್ದ ರೋಬೋಟ್ ಪಾಯಿಂಟ್ ಕತ್ತರಿಸಿ, ದುಡ್ಡಿನ ಜೊತೆ ಕಳಿಸಬೇಕಿತ್ತು. ಅಂದ್ರೆ ಮೊದಲೇ ಬೊಂಬೆ ಇದ್ದವರಿಗೇ ಇದೂ ಸಿಕ್ಕಿತು. ಇದು ಸರಿಯಲ್ಲ ಅನ್ನಿಸುತ್ತದೆ. ಟಿವಿ ನೋಡಿ ಅಂಗಡಿಗೆ ಓಡಿದ ಮಕ್ಕಳು ಬರಿಗೈಯಲ್ಲಿ ವಾಪಸ್ ಬಂದಿರಬೇಕು.

ನಾನು ಮೂರು ಬೆಂಕಿಪೊಟ್ಟಣದಲ್ಲಿ ರಿಫ್ಲೆಕ್ಟರ್ ಮಾಡಿದ್ದೇನೆ. ಮಧ್ಯದವನಿಗೆ ಲೆನ್ಸ್ ಬದಲು ಸೋಡಾ ಮುಚ್ಚಳ. ನೋಡುವವರು ಊಟದ ಬಿಡುವಿನಲ್ಲಿ ಬನ್ನಿ. ಮುಟ್ಟಬೇಡಿ, ಸ್ಪೈಗ್ಲಾಸ್ ಕಾಲು ಇನ್ನೂ ಅಂಟಿಲ್ಲ.