ತಾರೆಗಳ ಛಾಯಾಗ್ರಹಣ: ಆರಂಭದ ಪಾಠಗಳು

ದೂರದರ್ಶಕದ ಮೂಲಕ ಮಹಾವ್ಯಾಧ ನೀಹಾರಿಕೆಯನ್ನು ಮೊದಲ ಸಲ ನೋಡುವವರಿಗೆ ಸಾಮಾನ್ಯವಾಗಿ ನಿರಾಶೆಯೇ ಆಗುತ್ತದೆ. ಪುಸ್ತಕಗಳಲ್ಲಿ ಕೆಂಪು, ನೇರಿಳೆ ಬಣ್ಣಗಳಿಂದ ರೆಕ್ಕೆ ಬಿಚ್ಚಿದಂತೆ ತೋರುವ ಆ ಅನಿಲರಾಶಿ ಕಣ್ಣಿಗೆ ಬೂದುಬಣ್ಣದ ಮಬ್ಬಾಗಿ ಮಾತ್ರ ಗೋಚರಿಸುತ್ತದೆ. ಹಾಗಾದರೆ ಆ ಚಿತ್ರಗಳು ಸುಳ್ಳೆ? ಅಲ್ಲ. ನಮ್ಮ ಕಣ್ಣು ಬೆಳಕನ್ನು ಬಹಳ ಹೊತ್ತು ಕೂಡಿಡಲಾರದು. ಸೆಕೆಂಡಿನ ಒಂದು ಸಣ್ಣ ಭಾಗದಲ್ಲಿ ಬಂದುದನ್ನು ಮಿದುಳಿಗೆ ಒಪ್ಪಿಸಿ ಮುಂದಿನದಕ್ಕೆ ಅಣಿಯಾಗುತ್ತದೆ. ಅಲ್ಲದೆ ಮಂದವಾದ ಬೆಳಕಿನಲ್ಲಿ ಅದು ಬಣ್ಣವನ್ನೂ ಗುರುತಿಸಲಾರದು. ಕ್ಯಾಮೆರಾ ಹಾಗಲ್ಲ. ಬಂದಷ್ಟು ಬೆಳಕನ್ನೂ ಅದು ನಿಮಿಷಗಟ್ಟಲೆ ಕೂಡಿಟ್ಟುಕೊಳ್ಳಬಲ್ಲುದು. ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆ ಈ ಕಲೆಗೆ ಅಕ್ಷರಶಃ ಅನ್ವಯಿಸುತ್ತದೆ.

ಈ ಶಕ್ತಿಯನ್ನು ಖಗೋಳಜ್ಞರು ಬಹು ಹಿಂದೆಯೇ ಕಂಡುಕೊಂಡರು. 1850ರ ಜುಲೈಯಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಬಾಂಡ್ ಮತ್ತು ವಿಪ್ಪಲ್ ಎಂಬವರು ಅಭಿಜಿತ್ ನಕ್ಷತ್ರದ ಚಿತ್ರವನ್ನು ಪಡೆದರು. ಸೂರ್ಯನನ್ನು ಬಿಟ್ಟರೆ ಛಾಯಾಚಿತ್ರಕ್ಕೆ ದೊರೆತ ಮೊದಲ ನಕ್ಷತ್ರ ಅದು. 1880ರ ಸೆಪ್ಟೆಂಬರ್ 30ರಂದು ಹೆನ್ರಿ ಡ್ರೇಪರನು 11 ಅಂಗುಲದ ದೂರದರ್ಶಕದಿಂದ ಮಹಾವ್ಯಾಧ ನೀಹಾರಿಕೆಯ ಮೊತ್ತಮೊದಲ ಚಿತ್ರವನ್ನು ತೆಗೆದನು. ಅದಕ್ಕಾಗಿ ಅವನು ತನ್ನ ಫಲಕವನ್ನು 51 ನಿಮಿಷಗಳ ಕಾಲ ಬೆಳಕಿಗೆ ಒಡ್ಡಬೇಕಾಯಿತು. 1883ರಲ್ಲಿ ಇಂಗ್ಲೆಂಡಿನ ಕಾಮನ್ ಎಂಬಾತನು 36 ಅಂಗುಲದ ದರ್ಪಣದಿಂದ ತೆಗೆದ ಅದೇ ನೀಹಾರಿಕೆಯ ಚಿತ್ರದಲ್ಲಿ, ಕಣ್ಣಿಗೆ ಎಂದೂ ಕಾಣದಿದ್ದ ನಕ್ಷತ್ರಗಳೂ ಮೂಡಿದುವು.

ಡ್ರೇಪರನಿಗೆ ದುರ್ಲಭವಾಗಿದ್ದ ಸಾಧನ ಇಂದು ಮದುವೆಯ ಮನೆಯಲ್ಲಿ ಚಿತ್ರ ತೆಗೆಯುವವರ ಕೈಯಲ್ಲಿದೆ. ಮಸೂರವನ್ನು ಕಳಚಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದಿದ್ದರೆ ಆರಂಭಕ್ಕೆ ಸಾಕು. ಈಚೆಗೆ ಹೆಚ್ಚಾಗಿ ಬರುತ್ತಿರುವ, ಒಳಗನ್ನಡಿಯಿಲ್ಲದ ಕ್ಯಾಮೆರಾಗಳಿಗೂ ಇಲ್ಲಿಯ ಮಾತುಗಳೇ ಅನ್ವಯಿಸುತ್ತವೆ. ಆದರೆ ಕ್ಯಾಮೆರಾ ಇದ್ದ ಮಾತ್ರಕ್ಕೆ ಚಿತ್ರ ಬಾರದು. ಅನೇಕರು ವರ್ಧನಶಕ್ತಿ ಹೆಚ್ಚೆಂದು ದೊಡ್ಡ ದೂರದರ್ಶಕವನ್ನು ಕೊಂಡು, ನಾಲ್ಕು ರಾತ್ರಿ ಗೆರೆಗೆರೆಯಾದ ಚಿತ್ರಗಳನ್ನು ತೆಗೆದು, ಬೇಸತ್ತು ಅದನ್ನು ಮೂಲೆಗೆ ಸೇರಿಸುತ್ತಾರೆ. ಅವರಿಗೆ ಅಡ್ಡಿಯಾದುದು ದೂರದರ್ಶಕದ ಕೊರತೆಯಲ್ಲ, ಭೂಮಿಯ ಚಲನೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸಲಕರಣೆಯೂ ಫಲ ಕೊಡದು.

ಆಕಾಶವು ಎಷ್ಟು ವೇಗವಾಗಿ ಸರಿಯುತ್ತದೆ?

ಭೂಮಿಯು ಸುಮಾರು 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ. ಒಂದು ಡಿಗ್ರಿಯ 3,600ನೆಯ ಒಂದು ಭಾಗಕ್ಕೆ ವಿಕಲೆ ಎಂದು ಹೆಸರು. ಆ ಲೆಕ್ಕದಲ್ಲಿ ನಕ್ಷತ್ರಗಳು ಸೆಕೆಂಡಿಗೆ 15 ವಿಕಲೆಗಳಷ್ಟು ಪಶ್ಚಿಮಕ್ಕೆ ಸರಿಯುತ್ತವೆ. ಖಗೋಳದ ವಿಷುವದ್ವೃತ್ತದ ಬಳಿ, ಉದಾಹರಣೆಗೆ ಮಹಾವ್ಯಾಧನ ಸೊಂಟಪಟ್ಟಿಯಲ್ಲಿ, ಈ ವೇಗ ಪೂರ್ಣವಾಗಿರುತ್ತದೆ. ಧ್ರುವದತ್ತ ಹೋದಂತೆಲ್ಲ ಕಡಿಮೆಯಾಗುತ್ತದೆ.

ಈಗ ಕ್ಯಾಮೆರಾದ ಸಂವೇದಕವನ್ನು ನೋಡೋಣ. ಅದು ಲಕ್ಷಾಂತರ ಸಣ್ಣ ಸಣ್ಣ ಚೌಕಗಳಿಂದ, ಎಂದರೆ ಪಿಕ್ಸೆಲ್‌ಗಳಿಂದ ಕೂಡಿದ ಫಲಕ. ಒಂದೊಂದು ಪಿಕ್ಸೆಲ್‌ನ ಅಗಲ 4 ಮೈಕ್ರೋಮೀಟರ್ ಎಂದು ಇಟ್ಟುಕೊಳ್ಳಿ. 18 ಮಿಲಿಮೀಟರ್ ಸಂಗಮದೂರದ ಮಸೂರವನ್ನು ಹಾಕಿದಾಗ ಒಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 46 ವಿಕಲೆಗಳನ್ನು ಆವರಿಸುತ್ತದೆ; 50 ಮಿಲಿಮೀಟರಿನದಾದರೆ 16ರಿಂದ 17 ವಿಕಲೆ; 750 ಮಿಲಿಮೀಟರಿನ ದೂರದರ್ಶಕವಾದರೆ 1 ವಿಕಲೆಗಿಂತ ತುಸು ಹೆಚ್ಚು. ನಕ್ಷತ್ರವು ಐದು ಪಿಕ್ಸೆಲ್‌ಗಳಷ್ಟು ಸರಿದರೆ ಸಹಿಸಿಕೊಳ್ಳಬಹುದೆಂದು ಭಾವಿಸಿದರೆ, ಮೊದಲನೆಯದರಲ್ಲಿ 15 ಸೆಕೆಂಡು, ಎರಡನೆಯದರಲ್ಲಿ 5 ಸೆಕೆಂಡು ಬೆಳಕಿಗೆ ಒಡ್ಡಬಹುದು. ದೂರದರ್ಶಕದಲ್ಲಾದರೋ ಒಂದೇ ಸೆಕೆಂಡಿನಲ್ಲಿ ನಕ್ಷತ್ರವು ಸುಮಾರು 14 ಪಿಕ್ಸೆಲ್‌ಗಳನ್ನು ದಾಟಿಬಿಡುತ್ತದೆ! ವರ್ಧನೆ ಹೆಚ್ಚಿದಂತೆ ಚಿತ್ರ ಮಾತ್ರವಲ್ಲ, ಚಲನೆಯೂ ದೊಡ್ಡದಾಗುತ್ತದೆ ಎಂಬುದನ್ನು ಮರೆಯಬಾರದು.

ಆದುದರಿಂದ ಮೊದಲ ಪಾಠಕ್ಕೆ ದೂರದರ್ಶಕವೇ ಬೇಡ. ಅಮಾವಾಸ್ಯೆಯ ಹತ್ತಿರದ ಒಂದು ನಿರ್ಮಲವಾದ ರಾತ್ರಿ, ಊರ ದೀಪಗಳಿಂದ ದೂರ ಹೋಗಿ, ಗಟ್ಟಿಯಾದ ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ನಿಲ್ಲಿಸಿ. 18 ಮಿಲಿಮೀಟರ್ ಮಸೂರದ ದ್ವಾರವನ್ನು ಪೂರ್ತಿ ತೆರೆದು, ಐಎಸ್‌ಒ 1600ಕ್ಕೆ ಇಟ್ಟು, 15 ಸೆಕೆಂಡುಗಳ ಚಿತ್ರ ತೆಗೆಯಿರಿ. ಸ್ವಯಂಚಾಲಿತ ವ್ಯವಸ್ಥೆಗಳನ್ನೆಲ್ಲ ನಿಲ್ಲಿಸಿ, ಚಿತ್ರವನ್ನು ಸಂಕ್ಷೇಪಿಸದ ‘ರಾ’ ರೂಪದಲ್ಲಿಯೇ ಉಳಿಸಿಕೊಳ್ಳಬೇಕು. ಗುಂಡಿಯನ್ನು ಒತ್ತಿದ ಬೆರಳಿನ ಅಲುಗಾಟ ಚಿತ್ರಕ್ಕೆ ತಾಗದಂತೆ ಎರಡು ಸೆಕೆಂಡು ತಡವಾಗಿ ತೆರೆಯುವ ಏರ್ಪಾಡನ್ನು ಬಳಸಬೇಕು.

ಎರಡನೆಯ ಪಾಠ: ಚಂದ್ರ

ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸುವುದನ್ನು ಕಲಿಯಲು ಚಂದ್ರನಿಗಿಂತ ಒಳ್ಳೆಯ ಗುರುವಿಲ್ಲ. ಕ್ಯಾಮೆರಾದ ಮಸೂರವನ್ನು ಕಳಚಿ, ಅಲ್ಲಿ ಟಿ-ರಿಂಗ್ ಎಂಬ ಬಳೆಯನ್ನೂ ಅದಕ್ಕೆ ಒಂದು ಕೊಳವೆಯನ್ನೂ ತೊಡಿಸಿ, ನೇತ್ರಮಸೂರವಿರುವ ಜಾಗದಲ್ಲಿ ಸೇರಿಸಬೇಕು. ಆಗ ದೂರದರ್ಶಕವೇ ಕ್ಯಾಮೆರಾದ ಮಸೂರವಾಗುತ್ತದೆ. ಇಲ್ಲಿ ಒಂದು ತೊಡಕಿದೆ. ಕ್ಯಾಮೆರಾದ ಬಾಯಿಂದ ಸಂವೇದಕವು ಸುಮಾರು 45 ಮಿಲಿಮೀಟರ್ ಒಳಗಿರುತ್ತದೆ. ಕೆಲವು ನ್ಯೂಟನ್ ಮಾದರಿಯ ದೂರದರ್ಶಕಗಳಲ್ಲಿ ಬಿಂಬವು ಅಷ್ಟು ದೂರ ಹೊರಕ್ಕೆ ಬರುವುದೇ ಇಲ್ಲ. ಎಷ್ಟು ತಿರುಗಿಸಿದರೂ ಚಿತ್ರ ಸ್ಫುಟವಾಗದು. ಕೊಳ್ಳುವ ಮೊದಲೇ ಹಗಲಿನಲ್ಲಿ ಕ್ಯಾಮೆರಾ ಜೋಡಿಸಿ, ದೂರದ ಬೆಟ್ಟವೊಂದನ್ನು ನೋಡಿ ಇದನ್ನು ಪರೀಕ್ಷಿಸಬೇಕು. ಆದರೆ ಅಪ್ಪಿತಪ್ಪಿಯೂ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಕೂಡದು. ಅದರ ಮುಂಬಾಯಿಗೆ ತಕ್ಕ ಸೌರಶೋಧಕವನ್ನು ಕಟ್ಟದೆ ನೋಡಿದರೆ ಕಣ್ಣು ಶಾಶ್ವತವಾಗಿ ಹೋದೀತು. ಕ್ಯಾಮೆರಾದ ಒಳಭಾಗಗಳೂ ಸುಟ್ಟಾವು.

ಚಂದ್ರಬಿಂಬದ ಅಳತೆಯನ್ನು ಮೊದಲೇ ತಿಳಿಯಬಹುದು. ಸಂಗಮದೂರವನ್ನು 110ರಿಂದ ಭಾಗಿಸಿದರೆ ಬಿಂಬದ ವ್ಯಾಸ ಬರುತ್ತದೆ. 750 ಮಿಲಿಮೀಟರಿನ ದೂರದರ್ಶಕದಲ್ಲಿ ಅದು ಸುಮಾರು 7 ಮಿಲಿಮೀಟರ್. ಇನ್ನು ಬೆಳಕಿನ ಪ್ರಮಾಣ. ಚಂದ್ರನೆಂದರೆ ಬಿಸಿಲಿನಲ್ಲಿ ಬಿದ್ದಿರುವ ಬಂಡೆಯೇ ತಾನೆ? ನಮ್ಮೂರ ಬಿಸಿಲಿನಲ್ಲಿ ಬಂಡೆಯ ಚಿತ್ರ ತೆಗೆಯಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಬಹಳ ಹೆಚ್ಚೇನೂ ಬೇಡ. 150 ಮಿಲಿಮೀಟರ್ ವ್ಯಾಸ, 750 ಮಿಲಿಮೀಟರ್ ಸಂಗಮದೂರ ಇದ್ದು, ಐಎಸ್‌ಒ 100ಕ್ಕೆ ಇಟ್ಟಾಗ, ಹುಣ್ಣಿಮೆಯ ಚಂದ್ರನಿಗೆ ಸೆಕೆಂಡಿನ 500ನೆಯ ಒಂದು ಭಾಗ, ಅಷ್ಟಮಿಯ ಚಂದ್ರನಿಗೆ 125ನೆಯ ಒಂದು ಭಾಗ ಸಾಕಾಗುತ್ತದೆ. ಇಷ್ಟು ಅಲ್ಪ ಕಾಲದಲ್ಲಿ ಆಕಾಶದ ಚಲನೆ ನಗಣ್ಯ. ಆದ್ದರಿಂದಲೇ ಚಂದ್ರನಿಗೆ ಯಂತ್ರಚಾಲಿತ ಪೀಠ ಬೇಕಿಲ್ಲ. ಹುಣ್ಣಿಮೆಗಿಂತ ಶುಕ್ಲಪಕ್ಷದ ಅಷ್ಟಮಿಯ ಆಸುಪಾಸಿನ ರಾತ್ರಿಗಳೇ ಚಿತ್ರಕ್ಕೆ ಲೇಸು. ಬೆಳಕು ಓರೆಯಾಗಿ ಬಿದ್ದು ಕುಳಿಗಳ ನೆರಳು ಉದ್ದವಾಗಿರುತ್ತದೆ.

ನಕ್ಷತ್ರಗಳನ್ನು ಸ್ಫುಟಗೊಳಿಸುವುದು ಇದಕ್ಕಿಂತ ಕಷ್ಟ. ಪ್ರಕಾಶಮಾನವಾದ ನಕ್ಷತ್ರವೊಂದನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ ನೋಡುತ್ತ, ಚುಕ್ಕೆ ಅತಿ ಸಣ್ಣದಾಗುವವರೆಗೆ ತಿರುಗಿಸಬೇಕು. ರಷ್ಯದ ಹವ್ಯಾಸಿ ಪಾವೆಲ್ ಬಖ್ತಿನೋವ್ 2005ರಲ್ಲಿ ರಚಿಸಿದ ಒಂದು ಮುಖವಾಡ ಇದಕ್ಕೆ ಬಹಳ ಸಹಾಯಕ. ಮೂರು ದಿಕ್ಕಿನ ಸೀಳುಗಳುಳ್ಳ ಈ ಹಲಗೆಯನ್ನು ದೂರದರ್ಶಕದ ಬಾಯಿಗೆ ಇಟ್ಟರೆ ನಕ್ಷತ್ರಕ್ಕೆ ಮೂರು ಕಿರಣರೇಖೆಗಳು ಮೂಡುತ್ತವೆ. ನಡುವಿನ ರೇಖೆ ಉಳಿದೆರಡರ ಸರಿಮಧ್ಯಕ್ಕೆ ಬಂದಾಗ ಬಿಂಬ ಸ್ಫುಟವಾಯಿತೆಂದು ತಿಳಿಯಬೇಕು. ಇದನ್ನು ದಪ್ಪ ರಟ್ಟಿನಲ್ಲಿ ಮನೆಯಲ್ಲಿಯೇ ಕತ್ತರಿಸಿಕೊಳ್ಳಬಹುದು.

ಪೀಠವೇ ಪ್ರಧಾನ

ನೀಹಾರಿಕೆಗಳಿಗೆ ಬಂದೊಡನೆ ಭೂಮಿಯ ತಿರುಗಾಟವನ್ನು ರದ್ದುಪಡಿಸಲೇಬೇಕು. ಇದಕ್ಕೆ ಉಪಾಯ ಸರಳ: ಭೂಮಿಯ ಅಕ್ಷಕ್ಕೆ ಸಮಾಂತರವಾದ ಒಂದು ಅಕ್ಷದ ಸುತ್ತ ದೂರದರ್ಶಕವನ್ನು ಅದೇ ವೇಗದಲ್ಲಿ ವಿರುದ್ಧ ದಿಕ್ಕಿಗೆ ತಿರುಗಿಸುವುದು. ಇಂಥ ಪೀಠಕ್ಕೆ ಈಕ್ವಟೋರಿಯಲ್ ಪೀಠವೆನ್ನುತ್ತಾರೆ. ಕೈಯಲ್ಲಿರುವ ಹಣದಲ್ಲಿ ದೊಡ್ಡ ಪಾಲು ಇದಕ್ಕೆ ಸಲ್ಲಬೇಕು. ಉಳಿದುದರಲ್ಲಿ ಬರುವ ಸಣ್ಣ ದೂರದರ್ಶಕವೇ ಸಾಕು. ದೂರದರ್ಶಕ, ಕ್ಯಾಮೆರಾಗಳ ಒಟ್ಟು ತೂಕ ಪೀಠವು ಹೊರಬಲ್ಲ ಭಾರದ ಸುಮಾರು ಅರ್ಧದಷ್ಟಿದ್ದರೆ ಕ್ಷೇಮ.

ಪೀಠದ ಅಕ್ಷವನ್ನು ಖಗೋಳದ ಉತ್ತರ ಧ್ರುವಕ್ಕೆ ಗುರಿಯಿಡಬೇಕು. ಧ್ರುವ ನಕ್ಷತ್ರವು ಅದರಿಂದ ಮುಕ್ಕಾಲು ಡಿಗ್ರಿಯೊಳಗೇ ಇರುವುದರಿಂದ ಕೆಲಸ ಸುಲಭವೆಂದು ಪುಸ್ತಕಗಳು ಹೇಳುತ್ತವೆ. ಆದರೆ ಧ್ರುವದ ಎತ್ತರ ಊರಿನ ಅಕ್ಷಾಂಶಕ್ಕೆ ಸಮ. ಬೆಂಗಳೂರು, ಮಂಗಳೂರುಗಳಲ್ಲಿ ಅದು 13 ಡಿಗ್ರಿ, ಬೀದರಿನಲ್ಲಿಯೂ 18 ಡಿಗ್ರಿ ಮಾತ್ರ. ಮರ, ಮನೆ, ಧೂಳುಗಳ ಮರೆಯಲ್ಲಿ ಅದು ನಮಗೆ ಎಷ್ಟೋ ರಾತ್ರಿ ಕಾಣುವುದೇ ಇಲ್ಲ. ಪೀಠದ ಅಕ್ಷವು 13 ಡಿಗ್ರಿಯಷ್ಟು ತಗ್ಗಿಗೆ ಬಾಗುವುದೇ, ಆಗ ಸಮತೂಕದ ಗುಂಡು ಮುಕ್ಕಾಲಿಗೆ ತಗುಲುವುದಿಲ್ಲವೇ ಎಂಬುದನ್ನೂ ಕೊಳ್ಳುವಾಗಲೇ ನೋಡಿಕೊಳ್ಳಬೇಕು.

ಧ್ರುವವು ಮರೆಯಾಗಿದ್ದರೆ ಇನ್ನೊಂದು ಮಾರ್ಗವಿದೆ. ಪೀಠವನ್ನು ದಿಕ್ಸೂಚಿಯಿಂದ ಸುಮಾರಾಗಿ ಉತ್ತರಕ್ಕೆ ನಿಲ್ಲಿಸಿ, ವಿಷುವದ್ವೃತ್ತದ ಹತ್ತಿರವೂ ಯಾಮ್ಯೋತ್ತರ ರೇಖೆಯ ಹತ್ತಿರವೂ ಇರುವ ನಕ್ಷತ್ರವೊಂದನ್ನು ಪರದೆಯ ನಡುವೆ ತಂದು, ಯಂತ್ರವನ್ನು ಚಾಲೂ ಮಾಡಿ ಕೆಲವು ನಿಮಿಷ ಗಮನಿಸಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವು ಧ್ರುವಕ್ಕಿಂತ ಪೂರ್ವಕ್ಕಿದೆ. ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕಿದೆ. ಅದನ್ನು ತಿದ್ದಿದ ಬಳಿಕ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರವನ್ನು ಹಿಡಿಯಿರಿ. ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವು ತಗ್ಗಾಗಿದೆ, ಉತ್ತರಕ್ಕೆ ಜಾರಿದರೆ ಎತ್ತರವಾಗಿದೆ. ಎರಡು ಮೂರು ಆವೃತ್ತಿಗಳಲ್ಲಿ ಜಾರುವಿಕೆ ನಿಲ್ಲುತ್ತದೆ. ಧ್ರುವ ನಕ್ಷತ್ರವನ್ನು ನೋಡದೆಯೇ ಧ್ರುವವನ್ನು ಕಂಡುಹಿಡಿದಂತಾಯಿತು!

ತಗ್ಗಿನ ಅಕ್ಷಾಂಶದಿಂದ ನಮಗೆ ನಷ್ಟವಷ್ಟೇ ಅಲ್ಲ, ಲಾಭವೂ ಉಂಟು. ಲಂಡನ್ನಿನಲ್ಲಿ ಎಂದೂ ಉದಯಿಸದ ಒಮೇಗಾ ಸೆಂಟಾರಿ ಎಂಬ ಭವ್ಯವಾದ ಗೋಳಗುಚ್ಛವು ಮೇ ತಿಂಗಳ ರಾತ್ರಿ 10 ಗಂಟೆಯ ಸುಮಾರಿಗೆ ಬೆಂಗಳೂರಿನ ದಕ್ಷಿಣ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ ನಿಲ್ಲುತ್ತದೆ.

ಕೂಡಿಸುವ ಗಣಿತ

ಪೀಠ ಸರಿಯಾಯಿತು. ಆದರೂ ಒಮ್ಮೆಗೇ 51 ನಿಮಿಷ ಒಡ್ಡಲು ನಮಗೆ ಸಾಧ್ಯವಿಲ್ಲ. ಸಣ್ಣ ಪೀಠಗಳ ಹಲ್ಲುಚಕ್ರಗಳ ದೋಷದಿಂದ ನಕ್ಷತ್ರವು ಹಿಂದೆ ಮುಂದೆ ಓಲಾಡುತ್ತದೆ. ಊರ ಬೆಳಕಿನಿಂದ ಆಕಾಶವೇ ಬೆಳ್ಳಗಾಗುತ್ತದೆ. ಆದ್ದರಿಂದ 30 ಸೆಕೆಂಡುಗಳ 100 ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದರ ಮೇಲೊಂದನ್ನು ಕೂಡಿಸುತ್ತೇವೆ. ಒಟ್ಟು 50 ನಿಮಿಷ. ಹೆಚ್ಚು ಕಡಿಮೆ ಡ್ರೇಪರನ ಅವಧಿಯೇ ಆಯಿತು.

ಕೂಡಿಸುವುದರಿಂದ ಏನು ಪ್ರಯೋಜನ? ಬೆಳಕು ಕಣಕಣವಾಗಿ ಬರುತ್ತದೆ, ಬರುವಿಕೆಯಲ್ಲಿ ಏರಿಳಿತವಿರುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಕಣಗಳು ಬರುವಲ್ಲಿ ಒಮ್ಮೆ 90, ಒಮ್ಮೆ 110 ಬರಬಹುದು. ಚಿತ್ರದಲ್ಲಿ ಕಾಣುವ ಕಾಳುಕಾಳಾದ ಗದ್ದಲಕ್ಕೆ ಇದೊಂದು ಮುಖ್ಯ ಕಾರಣ. ಚಿತ್ರಗಳನ್ನು ಕೂಡಿಸಿದಾಗ ನೀಹಾರಿಕೆಯ ಬೆಳಕು ಚಿತ್ರಗಳ ಸಂಖ್ಯೆಯಷ್ಟು ಮಡಿ ಬೆಳೆಯುತ್ತದೆ. ಗದ್ದಲವಾದರೋ ಆ ಸಂಖ್ಯೆಯ ವರ್ಗಮೂಲದಷ್ಟು ಮಾತ್ರ. 100 ಚಿತ್ರಗಳಿಂದ ಬೆಳಕು 100 ಮಡಿ, ಗದ್ದಲ 10 ಮಡಿ. ಎಂದರೆ ಚಿತ್ರದ ಗುಣ 10 ಪಟ್ಟು ಉತ್ತಮವಾಗುತ್ತದೆ. ಆದರೆ ಅದನ್ನು ಮತ್ತೆ ಇಮ್ಮಡಿಸಲು 400 ಚಿತ್ರಗಳು ಬೇಕು.

ಇನ್ನೆರಡು ಬಗೆಯ ಚಿತ್ರಗಳು ಅವಶ್ಯ. ಅದೇ ರಾತ್ರಿ, ಅಷ್ಟೇ ಅವಧಿಗೆ, ಅದೇ ಐಎಸ್‌ಒದಲ್ಲಿ, ಮುಚ್ಚಳ ಹಾಕಿ ತೆಗೆದ ಕತ್ತಲೆಯ ಚಿತ್ರಗಳು ಸಂವೇದಕದ ಸ್ವಂತ ದೋಷಗಳನ್ನು ತೋರಿಸುತ್ತವೆ. ಕ್ಯಾಮೆರಾವನ್ನೂ ಸ್ಫುಟತೆಯನ್ನೂ ಕದಲಿಸದೆ, ದೂರದರ್ಶಕದ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಮುಂಜಾವಿನ ಬೆಳಕಿನಲ್ಲಿ ತೆಗೆದವು ಅಂಚಿನ ಮಬ್ಬನ್ನೂ ಧೂಳಿನ ಕಲೆಗಳನ್ನೂ ತೋರಿಸುತ್ತವೆ. ಮೊದಲನೆಯದನ್ನು ಕಳೆದು, ಎರಡನೆಯದರಿಂದ ಭಾಗಿಸಿದರೆ ಉಳಿಯುವುದು ಆಕಾಶ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳು ಈ ಲೆಕ್ಕವನ್ನೆಲ್ಲ ತಾವೇ ಮಾಡುತ್ತವೆ.

ಮಹಾವ್ಯಾಧ ನೀಹಾರಿಕೆಯೇ ಮೊದಲ ಗುರಿಯಾಗಲಿ. ಜನವರಿಯ ಕೊನೆಯಲ್ಲಿ ರಾತ್ರಿ 9 ಗಂಟೆಯ ಹೊತ್ತಿಗೆ ಅದು ನಮ್ಮ ನೆತ್ತಿಗೆ ಸಮೀಪದಲ್ಲಿರುತ್ತದೆ. ಮಳೆಗಾಲದ ಮೋಡಗಳೂ ಆಗ ಹೋಗಿರುತ್ತವೆ. ಅದರ ಕೆಂಪು ಪುಸ್ತಕದಲ್ಲಿರುವಷ್ಟು ಗಾಢವಾಗಿ ಬಾರದಿದ್ದರೆ ಚಿಂತಿಸಬೇಕಾಗಿಲ್ಲ. ಹೈಡ್ರೋಜನ್ ಸೂಸುವ 656 ನ್ಯಾನೋಮೀಟರಿನ ಕೆಂಪನ್ನು ಸಾಮಾನ್ಯ ಕ್ಯಾಮೆರಾದ ಒಳಗಿನ ಶೋಧಕವು ಬಹುಮಟ್ಟಿಗೆ ತಡೆಯುತ್ತದೆ. ಸುಮಾರು 1,350 ಜ್ಯೋತಿರ್ವರ್ಷಗಳಾಚೆ, ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದಾಗ ಹೊರಟ ಆ ಬೆಳಕು ಈಗ ನಮ್ಮನ್ನು ತಲಪುತ್ತಿದೆ. ಅದಕ್ಕಾಗಿ 50 ನಿಮಿಷ ಕಾದು ಕುಳಿತರೆ ಹೆಚ್ಚೇನಲ್ಲ. ಮೊದಲು ಮುಕ್ಕಾಲಿ, ಆಮೇಲೆ ಚಂದ್ರ, ಆ ಬಳಿಕ ಪೀಠ, ಕೊನೆಗೆ ನೀಹಾರಿಕೆ ಎಂಬ ಕ್ರಮವನ್ನು ತಪ್ಪಿಸದವರ ದೂರದರ್ಶಕ ಮೂಲೆ ಸೇರುವುದಿಲ್ಲ.