ಅಂಬಾಸಡರ್ ಎಂಜಿನ್ನಿನ ರಾಕರ್ ಶಾಫ್ಟ್ ಬಿಚ್ಚುವ ಕ್ರಮ

ಹಳೆಯ ಅಂಬಾಸಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸರಣಿಯದು. ಅದರ ಎಂಟು ರಾಕರ್‌ಗಳು ಒಂದೇ ಟೊಳ್ಳು ಶಾಫ್ಟಿನ ಮೇಲೆ ಕೂತಿರುತ್ತವೆ. ಶಾಫ್ಟಿನೊಳಗೆ ಬರುವ ಆಯಿಲ್ ಸಣ್ಣ ತೂತುಗಳ ಮೂಲಕ ರಾಕರ್ ಬುಷ್‌ಗಳಿಗೆ ಇಳಿಯುತ್ತದೆ. ತೋಟದ ಶೆಡ್ಡುಗಳಲ್ಲಿ ಇಂಥ ಎಂಜಿನ್‌ಗಳನ್ನು ಬಿಚ್ಚಿ ಜೋಡಿಸಿದ ಅನುಭವದಿಂದ ಹೇಳುವುದಾದರೆ, ಮೂಡಿಗೆರೆ, ಕಳಸದ ಕಡೆ ಈ ತೂತುಗಳೇ ಮೊದಲು ಕಟ್ಟಿಕೊಳ್ಳುತ್ತವೆ. ಮಳೆಗಾಲದಲ್ಲಿ ತೋಟದಿಂದ ಪೇಟೆಗೆ ಹೋಗಿಬರುವಷ್ಟೇ ಓಡುವ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಒಳಗಿನ ನೀರಾವಿ ಆಯಿಲ್‌ನಲ್ಲಿ ಬೆರೆತು ಟ್ಯಾಪೆಟ್ ಕವರಿನ ಅಡಿಯಲ್ಲಿ ಬೆಣ್ಣೆಯಂಥ ಜಿಡ್ಡಾಗುತ್ತದೆ. ಜಿಡ್ಡು ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎನ್ನಬಾರದು. ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ಎಂದು ಮೊದಲು ನೋಡಬೇಕು.

ಬಿಚ್ಚುವಾಗ ಅತಿ ಮುಖ್ಯವಾದ ಮಾತೊಂದಿದೆ. ಶಾಫ್ಟ್ ಹಿಡಿದಿರುವ ಎಂಟು ನಟ್‌ಗಳಲ್ಲಿ ನಾಲ್ಕು ಸಿಲಿಂಡರ್ ಹೆಡ್ಡನ್ನೂ ಹಿಡಿದಿರುತ್ತವೆ. ಅವನ್ನಷ್ಟೇ ಸಡಿಲಿಸಿದರೆ ಹೆಡ್ ಸೊಟ್ಟಗಾಗಿ, ನೀರು ಸಿಲಿಂಡರಿಗೂ ಸಂಪ್‌ಗೂ ಇಳಿಯಬಹುದು. ಆದ್ದರಿಂದ ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ನೀರು ಖಾಲಿ ಮಾಡಿ, ಹೆಡ್ಡಿನ ಎಲ್ಲ ನಟ್‌ಗಳನ್ನೂ ಕೈಪಿಡಿಯ ಕ್ರಮದಲ್ಲಿ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಅವಸರದ ಗ್ಯಾರೇಜುಗಳಲ್ಲಿ ತಪ್ಪಿಹೋಗುವ ಹಂತ ಇದೇ.

ಶಾಫ್ಟ್ ಎತ್ತಿದ ಮೇಲೆ ಪುಶ್ ರಾಡ್‌ಗಳನ್ನು ಸ್ವಲ್ಪ ತಿರುಗಿಸಿ ಮೇಲೆಳೆಯಬೇಕು. ನೇರ ಎಳೆದರೆ ಆಯಿಲ್‌ನ ಅಂಟಿಗೆ ಟ್ಯಾಪೆಟ್ಟೂ ಎದ್ದು ಬರುತ್ತದೆ. ರಟ್ಟಿನಲ್ಲಿ ಎಂಟು ತೂತು ಮಾಡಿ ರಾಡ್‌ಗಳನ್ನು ಸಾಲಾಗಿ ನಿಲ್ಲಿಸುವುದು ಒಳ್ಳೆಯದು. ಪ್ರತಿಯೊಂದೂ ತನ್ನ ಜಾಗಕ್ಕೇ ಮರಳಬೇಕು. ಹಿಂದಿನ ಬ್ರಾಕೆಟ್ಟಿನ ಸ್ಕ್ರೂ ತೆಗೆದು, ತುದಿಯ ಸ್ಪ್ಲಿಟ್ ಪಿನ್, ವಾಷರ್ ಬಿಡಿಸಿದರೆ ರಾಕರ್, ಸ್ಪ್ರಿಂಗ್, ಬ್ರಾಕೆಟ್‌ಗಳು ಒಂದೊಂದಾಗಿ ಜಾರಿ ಬರುತ್ತವೆ. ಬಂದ ಕ್ರಮದಲ್ಲೇ ತಂತಿಗೆ ಪೋಣಿಸಿಡಬೇಕು.

ಸವೆತ ಶಾಫ್ಟಿನ ತಳಭಾಗದಲ್ಲಿರುತ್ತದೆ. ಮೇಲಿನಿಂದ ನೋಡಿದರೆ ಕಾಣದು. ಉಗುರಿಗೆ ಮೆಟ್ಟಿಲು ಸಿಕ್ಕರೆ ಶಾಫ್ಟ್ ಬದಲಿಸಲೇಬೇಕು, ಎಮ್ರಿ ಪೇಪರ್ ಉಜ್ಜಿ ಪ್ರಯೋಜನವಿಲ್ಲ. ತುದಿಯ ಪ್ಲಗ್ ಬಿಚ್ಚಿ, ಒಳದಾರಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಪ್ರತಿ ತೂತಿಗೂ ತಂತಿ ತೂರಿಸಬೇಕು.

ಜೋಡಿಸಿ, ನಟ್ ಬಿಗಿಮಾಡಿ, ಟ್ಯಾಪೆಟ್ ಹೊಂದಿಸುವಾಗ 9ರ ಲೆಕ್ಕ ಸಾಕು: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದು, 7 ತೆರೆದಾಗ 2ನೆಯದು, ಹೀಗೆ ಎರಡು ಸಂಖ್ಯೆಗಳ ಮೊತ್ತ 9 ಆಗುವಂತೆ ಹೊಂದಿಸಬೇಕು. ಕೊನೆಗೆ ನೀರು ತುಂಬಿ, ಕವರ್ ಮುಚ್ಚದೆ ಎಂಜಿನ್ನನ್ನು ನಿಧಾನಗತಿಯಲ್ಲಿ ಓಡಿಸಿ, ಎಂಟೂ ರಾಕರ್‌ಗಳಲ್ಲಿ ಆಯಿಲ್ ಜಿನುಗುವುದನ್ನು ಕಣ್ಣಾರೆ ನೋಡಬೇಕು. ಒಂದರಲ್ಲಿ ಬಾರದಿದ್ದರೂ ಮತ್ತೆ ಬಿಚ್ಚಬೇಕು.